ಫೋಟೋ ತೆಗೆದಿಡುವ ಬಗೆ: ಭತ್ತವೋ, ಅಕ್ಕಿಯೋ?

(ನಮ್ಮ ಸಂಘದ ಉಚಿತ ವಾಚನಾಲಯದ ಭಾನುವಾರದ ಸಭೆಯಲ್ಲಿ ಓದಿದ ಭಾಷಣ)



ಈ ಸಭೆಯಲ್ಲಿ ನಿಂತು ಮಾತನಾಡುವ ಯೋಗ್ಯತೆ ನಮಗೆ ಅಷ್ಟಾಗಿ ಇಲ್ಲವೆಂಬುದನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇವೆ. ಮೆಟ್ರಿಕ್ ಮುಗಿಸಿ, ಗಂಗೆಯ ಆಚೆಯ ಚಂದೌಲಿಯ ಕಡೆ ಒಂದು ಅಕ್ಕಿ ಗಿರಣಿಯಲ್ಲಿ ಗುಮಾಸ್ತಿಕೆ ಮಾಡುತ್ತ, ಭಾನುವಾರಗಳಲ್ಲಿ ಇಲ್ಲಿಗೆ ಬಂದು ಬೀರುಗಳ ಧೂಳು ಹೊಡೆದು ಪುಸ್ತಕಗಳಿಗೆ ಚೀಟಿ ಅಂಟಿಸುವವರು ನಾವು. ಫೋಟೋಗ್ರಫಿಯನ್ನು ಯಾವ ಶಾಲೆಯಲ್ಲಿಯೂ ಕಲಿತವರಲ್ಲ. ಆದರೂ ಈ ವಿಷಯದಲ್ಲಿ ಒಮ್ಮೆ ದೊಡ್ಡ ತಪ್ಪು ಮಾಡಿದ್ದೇವೆ. ಆ ತಪ್ಪಿನಿಂದ ಕಲಿತದ್ದನ್ನು ಹೇಳಬೇಕೆಂದು ಕಾರ್ಯಕಾರಿ ಸಮಿತಿಯವರು ಅಪ್ಪಣೆ ಮಾಡಿದ್ದರಿಂದ ನಿಂತಿದ್ದೇವೆ.

ವಿಷಯ ಇಷ್ಟೆ. ನಮ್ಮ ವಾಚನಾಲಯದ ಒಳಗಿನ ಬೀರುವಿನಲ್ಲಿ ಯಾತ್ರಿಕರ ಹಳೆಯ ವಹಿಗಳು ಏಳು ಉಳಿದಿವೆ. ಕಾಶಿಗೆ ಬಂದ ಕನ್ನಡಿಗರು ತಮ್ಮ ಹೆಸರು, ಊರು, ಬಂದ ದಿನ, ಬಂದ ಕಾರಣ ಇವುಗಳನ್ನು ತಮ್ಮ ಕೈಯಿಂದಲೇ ಬರೆದಿಟ್ಟು ಹೋದ ಪುಸ್ತಕಗಳು ಇವು. ಕೆಲವು ಸೀಸದಕಡ್ಡಿಯಿಂದ ಬರೆದವು. ಕೆಲವು ಮಸಿಯಿಂದ ಬರೆದು ಈಗ ಕಂದುಬಣ್ಣಕ್ಕೆ ತಿರುಗಿದವು. ಈ ಮಳೆಗಾಲಕ್ಕೆ ಮೊದಲು ಇವೆಲ್ಲದರ ಫೋಟೋ ತೆಗೆದಿಡಬೇಕೆಂದು ಸಮಿತಿಯಲ್ಲಿ ನಿರ್ಣಯವಾಯಿತು. ಅಲ್ಲಿಯವರೆಗೆ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ಫೋಟೋವನ್ನು ಯಾವ ರೂಪದಲ್ಲಿ ಇಡಬೇಕು, ರಾ ಎಂಬ ಕಚ್ಚಾ ರೂಪದಲ್ಲಿಯೋ, ಜೆಪೆಗ್ ಎಂಬ ಅಡಕಮಾಡಿದ ರೂಪದಲ್ಲಿಯೋ ಎಂಬಲ್ಲಿ ಮಾತು ಬೆಳೆಯಿತು.

ನಮ್ಮ ಖಜಾಂಚಿಗಳು, ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿರುವ ನಮ್ಮ ತರುಣ ಸದಸ್ಯನನ್ನು ಕೇಳಿದರು: "ಅಲ್ಲಯ್ಯಾ, ಪರದೆಯ ಮೇಲೆ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಮೂರು ಪಟ್ಟು ಜಾಗ ತಿನ್ನುವ ಫೈಲು ಯಾತಕ್ಕೆ?"

ಅವನು ಹೇಳಿದ: "ಕಣ್ಣಿಗೆ ಕಾಣದೆ ಇರೋದೂ ಅದರಲ್ಲಿ ಉಳಿದಿರುತ್ತೆ ಸಾರ್, ಅದಕ್ಕೇ."

"ಕಣ್ಣಿಗೆ ಕಾಣದ್ದಕ್ಕೆ ನಾವೇಕೆ ದುಡ್ಡು ಕೊಡಬೇಕು?" ಎಂದರು ಖಜಾಂಚಿಗಳು. ಎಲ್ಲರೂ ನಕ್ಕರು. ನಮಗೆ ಮಾತ್ರ ನಗು ಬರಲಿಲ್ಲ. ಅದರ ಕಾರಣವನ್ನು ಮೊದಲು ಹೇಳಿಬಿಡುತ್ತೇವೆ.

ಒಂದು ಕಾಲಕ್ಕೆ ಈ ವಹಿಗಳು ಎಂಟು ಇದ್ದವು. 2018ರ ಬೇಸಗೆಯಲ್ಲಿ ಎಂಟನೆಯದರ ಫೋಟೋಗಳನ್ನು ನಾವೇ ನಮ್ಮ ಮೊಬೈಲಿನಲ್ಲಿ ತೆಗೆದೆವು. ಬಹಳ ಉತ್ಸಾಹದಿಂದ ಎರಡು ಭಾನುವಾರ ಕುಳಿತು ಪುಟಪುಟವನ್ನೂ ತೆಗೆದು, ಮೊಬೈಲಿನ ಸಂದೇಶದ ಮೂಲಕ ಸದಸ್ಯರೆಲ್ಲರಿಗೂ ಕಳುಹಿಸಿ, ಮೆಚ್ಚುಗೆಯನ್ನೂ ಪಡೆದೆವು. ಕೆಲವು ತಿಂಗಳ ಮೇಲೆ ಮೊಬೈಲಿನಲ್ಲಿ ಜಾಗ ಸಾಲದಾಯಿತು. ಎಲ್ಲರ ಬಳಿಯೂ ಇದೆಯಲ್ಲ ಎಂದು ಮೂಲ ಫೋಟೋಗಳನ್ನು ಅಳಿಸಿಬಿಟ್ಟೆವು. 2019ರ ಮಳೆಗಾಲದಲ್ಲಿ ಅಟ್ಟದ ಮೇಲಿನ ಸೂರು ಸೋರಿ ಆ ವಹಿ ನೆನೆಯಿತು. ನಾವು ನೋಡುವ ಹೊತ್ತಿಗೆ ಹಾಳೆಗಳು ಒಂದಕ್ಕೊಂದು ಅಂಟಿ, ಬೂಷ್ಟು ಹಿಡಿದು, ರೊಟ್ಟಿಯಂತೆ ಆಗಿತ್ತು. ಹೋದದ್ದು ವಹಿ ತಾನೆ, ಫೋಟೋ ಇದೆಯಲ್ಲ ಎಂದು ಸಮಾಧಾನಪಟ್ಟುಕೊಂಡೆವು.

2022ರ ಪಿತೃಪಕ್ಷದಲ್ಲಿ ಹಾವೇರಿಯ ಕಡೆಯ ವೃದ್ಧೆಯೊಬ್ಬರು ಮಗನೊಂದಿಗೆ ಇಲ್ಲಿಗೆ ಬಂದರು. ಅವರ ಮಾವನವರು ಎಷ್ಟೋ ವರ್ಷಗಳ ಹಿಂದೆ ಕಾಶಿಗೆ ಬಂದವರು ಇಲ್ಲಿಯೇ ತೀರಿಕೊಂಡರಂತೆ. ಜೊತೆಗೆ ಬಂದಿದ್ದವರು ಊರಿಗೆ ಮರಳಿ ಸುದ್ದಿ ತಿಳಿಸಿದ್ದರು. ಆದರೆ ತಿಥಿ ಯಾರಿಗೂ ಸರಿಯಾಗಿ ನೆನಪಿರಲಿಲ್ಲ. ತಿಥಿ ತಿಳಿಯದವರಿಗೆ ಮಹಾಲಯ ಅಮಾವಾಸ್ಯೆಯ ದಿನ ಶ್ರಾದ್ಧ ಮಾಡುವುದು ತಮಗೆಲ್ಲ ಗೊತ್ತೇ ಇದೆ. ಆ ಮನೆಯವರೂ ಇಷ್ಟು ವರ್ಷ ಹಾಗೆಯೇ ನಡೆಸಿಕೊಂಡು ಬಂದಿದ್ದರು. ಇಲ್ಲಿ ವಹಿಗಳಿವೆಯೆಂದು ಯಾರೋ ಹೇಳಿದ್ದರಿಂದ ವಿಚಾರಿಸಲು ಬಂದಿದ್ದರು.

ಹೆಸರು ಸಿಕ್ಕಿತು. ಎಂಟನೆಯ ವಹಿಯ ಫೋಟೋದಲ್ಲಿ ಅವರ ಊರೂ ಹೆಸರೂ ಇತ್ತು. ಅದರ ಕೆಳಗೆ, ಜೊತೆಯವರು ಯಾರೋ ಬರೆದ ಒಂದು ಸಾಲು, ಇಂಥ ತಿಥಿಯಲ್ಲಿ ದೈವಾಧೀನರಾದರು ಎಂದು. ಆ ತಾಯಿ ಕೈಮುಗಿದರು. ನಾವು ಚಿತ್ರವನ್ನು ದೊಡ್ಡದು ಮಾಡಿ ತಿಥಿ ಓದಲು ಹೋದೆವು. ಮಾಸ ಓದಲು ಬಂತು. ಪಕ್ಷವೂ ಬಂತು. ತಿಥಿ ಬರಲಿಲ್ಲ. ಕೊನೆಯಲ್ಲಿ 'ಮಿ' ಇದೆ. ಮುಂದಿನದು 'ಪಂಚ'ವೋ 'ಸಪ್ತ'ವೋ ತಿಳಿಯದು. ಪಕಾರ ಸಕಾರಗಳು ಮಸುಕಿನಲ್ಲಿ ಅಕ್ಕತಂಗಿಯರಂತೆ ಕಾಣುತ್ತವೆ. ಕೆಳಗೆ ತಕಾರದ ಒತ್ತು ಇದ್ದರೆ ಸಪ್ತಮಿ, ಇಲ್ಲದಿದ್ದರೆ ಪಂಚಮಿ. ಒತ್ತು ಇರಬೇಕಾದ ಜಾಗದಲ್ಲಿ ಚೌಕ ಚೌಕವಾದ ಕಂದು ಮಚ್ಚೆಗಳು ಮಾತ್ರ ಇದ್ದವು. ದೊಡ್ಡದು ಮಾಡಿದಷ್ಟೂ ಮಚ್ಚೆ ದೊಡ್ಡದಾಯಿತೇ ಹೊರತು ಅಕ್ಷರ ಕಾಣಲಿಲ್ಲ.

ಆ ತಾಯಿಯೇ ನಮಗೆ ಸಮಾಧಾನ ಹೇಳಿದರು: "ಇಷ್ಟು ವರ್ಷ ಅಮಾಸಿಗೇ ಮಾಡೇವಿ, ಮುಂದೂ ಹಂಗ ಮಾಡ್ತೇವಿ. ನೀವ್ಯಾಕ ಮನಸ್ಸಿಗೆ ಹಚ್ಕೋತೀರಿ ತಮ್ಮಾ?" ಆದರೆ ನಾವು ಮನಸ್ಸಿಗೆ ಹಚ್ಚಿಕೊಂಡೆವು. ಅಂದಿನಿಂದ ಈ ಫೋಟೋ ಫೈಲುಗಳ ವಿಚಾರವನ್ನು ಕೇಳಿ, ಓದಿ, ಮಾಡಿ ನೋಡಿ ತಿಳಿದುಕೊಂಡಿದ್ದೇವೆ. ಅದನ್ನು ನಮ್ಮ ಗಿರಣಿಯ ಭಾಷೆಯಲ್ಲಿಯೇ ಹೇಳುತ್ತೇವೆ. ನಮಗೆ ಬರುವುದು ಅದೊಂದೇ.

ಡಿಜಿಟಲ್ ಕ್ಯಾಮರಾದಲ್ಲಿ ಫಿಲ್ಮಿನ ಜಾಗದಲ್ಲಿ ಒಂದು ಸೆನ್ಸರು ಇರುತ್ತದೆ. ಅದರ ಮೇಲೆ ಲಕ್ಷಗಟ್ಟಲೆ, ಕೋಟಿಗಟ್ಟಲೆ ಸಣ್ಣ ಸಣ್ಣ ಚುಕ್ಕೆಗಳು. ಒಂದೊಂದು ಚುಕ್ಕೆಯೂ ತನ್ನ ಮೇಲೆ ಎಷ್ಟು ಬೆಳಕು ಬಿತ್ತೆಂದು ಅಳೆಯುತ್ತದೆ, ಅಷ್ಟೆ. ಅದಕ್ಕೆ ಬಣ್ಣ ತಿಳಿಯದು. ಆದುದರಿಂದ ಪ್ರತಿ ಚುಕ್ಕೆಯ ಮೇಲೂ ಒಂದು ಬಣ್ಣದ ಪೊರೆ ಹೊದಿಸಿರುತ್ತಾರೆ: ನಾಲ್ಕು ಚುಕ್ಕೆಗಳಲ್ಲಿ ಎರಡಕ್ಕೆ ಹಸಿರು, ಒಂದಕ್ಕೆ ಕೆಂಪು, ಒಂದಕ್ಕೆ ನೀಲಿ. ಈ ಏರ್ಪಾಡನ್ನು ಕಂಡುಹಿಡಿದವರು ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ಎಂಬವರು; ಅದಕ್ಕೆ 1976ರಲ್ಲಿ ಪೇಟೆಂಟು ದೊರೆಯಿತು. ಇಂದಿಗೂ ಹೆಚ್ಚಿನ ಕ್ಯಾಮರಾಗಳೂ ಮೊಬೈಲುಗಳೂ ಇದೇ ಜಾಡಿನಲ್ಲಿ ನಡೆಯುತ್ತವೆ. ಚುಕ್ಕೆಗಳು ಅಳೆದ ಈ ಲೆಕ್ಕವನ್ನು ಇದ್ದದ್ದು ಇದ್ದ ಹಾಗೆ ಬರೆದಿಟ್ಟರೆ ಅದೇ ರಾ ಫೈಲು. ಗದ್ದೆಯಿಂದ ಬಂದ ಭತ್ತ ಅದು. ಹೊಟ್ಟು ಉಂಟು, ತೌಡು ಉಂಟು, ಒಳಗೆ ಅಕ್ಕಿಯೂ ಉಂಟು.

ಭತ್ತವನ್ನು ಯಾರೂ ಉಣ್ಣಲಾರರು. ಆದುದರಿಂದ ಕ್ಯಾಮರಾದೊಳಗೇ ಒಂದು ಸಣ್ಣ ಗಿರಣಿ ಇದೆ. ಅದು ಬಣ್ಣಗಳನ್ನು ಕೂಡಿಸಿ, ದೀಪದ ಹಳದಿಯನ್ನು ತೆಗೆದು, ಕಪ್ಪನ್ನು ಕಪ್ಪಾಗಿ ಬಿಳುಪನ್ನು ಬಿಳುಪಾಗಿ ಮಾಡಿ, ಅಂಚುಗಳನ್ನು ತೀಡಿ, ಕೊನೆಗೆ ಅಡಕಮಾಡಿ ಜೆಪೆಗ್ ಎಂಬ ಮೂಟೆಯಲ್ಲಿ ಕಟ್ಟಿ ಕೊಡುತ್ತದೆ. ತಕ್ಷಣ ನೋಡಬಹುದು, ಯಾರಿಗಾದರೂ ಕಳುಹಿಸಬಹುದು, ಅಚ್ಚು ಹಾಕಿಸಬಹುದು. ಅದು ಅಕ್ಕಿ.

ಸರ್ಕಾರದ ಲೆಕ್ಕದಲ್ಲಿ 100 ಕಿಲೋ ಭತ್ತಕ್ಕೆ 67 ಕಿಲೋ ಬೆಳ್ತಿಗೆ ಅಕ್ಕಿ ಒಪ್ಪಿಸಬೇಕು. ಉಳಿದದ್ದು ಹೊಟ್ಟು, ತೌಡು. ಫೋಟೋದ ಗಿರಣಿಯಲ್ಲಿ ಹೋಗುವ ಪಾಲು ಇದಕ್ಕಿಂತ ಬಹಳ ಹೆಚ್ಚು. ಒಳ್ಳೆಯ ಕ್ಯಾಮರಾದ ರಾ ಫೈಲಿನಲ್ಲಿ ಒಂದು ಚುಕ್ಕೆಯ ಬೆಳಕನ್ನು 14 ಬಿಟ್ಟುಗಳಲ್ಲಿ ಬರೆಯುತ್ತಾರೆ. ಅಂದರೆ ಕಡು ಕತ್ತಲೆಯಿಂದ ಪೂರಾ ಬಿಳುಪಿನವರೆಗೆ 16,384 ಮೆಟ್ಟಿಲುಗಳು. 12 ಬಿಟ್ಟಿನ ಕ್ಯಾಮರಾಗಳಲ್ಲಿ 4,096. ನಾವು ದಿನವೂ ಕಾಣುವ ಜೆಪೆಗ್ಗಿನಲ್ಲಿ ಒಂದೊಂದು ಬಣ್ಣಕ್ಕೆ 8 ಬಿಟ್ಟು, ಅಂದರೆ 256 ಮೆಟ್ಟಿಲು. ನಮ್ಮ ಕಣ್ಣಿಗೆ 256 ಸಾಕೆಂದು ತೋರುವುದು ನಿಜ. ಆದರೆ ಮಾಸಿದ ಮಸಿಗೂ ಮಾಸಿದ ಕಾಗದಕ್ಕೂ ಇರುವ ಅಂತರ ಒಂದೆರಡು ಮೆಟ್ಟಿಲಿನಷ್ಟೇ ಇದ್ದರೆ ಏನು ಗತಿ? ಅಲ್ಲಿ ಮೆಟ್ಟಿಲುಗಳು ಹೆಚ್ಚು ಇದ್ದಷ್ಟೂ ಅಕ್ಷರ ಉಳಿದೀತು.

ಜೆಪೆಗ್ಗಿನ ಅಡಕದ ಹಿಂದೆ ನಮ್ಮ ನಾಡಿನವರೊಬ್ಬರ ಬುದ್ಧಿ ಇರುವುದನ್ನು ಇಲ್ಲಿ ಹೇಳಲೇಬೇಕು. ನಾಸಿರ್ ಅಹಮದ್ ಎಂಬವರು 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಈಗ ವಿಶ್ವೇಶ್ವರಯ್ಯನವರ ಹೆಸರಿನಲ್ಲಿರುವ ಅಲ್ಲಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ 1961ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ಹೋದರು. ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದಾಗ ಚಿತ್ರದ ಲೆಕ್ಕವನ್ನು ಅಲೆಗಳ ಲೆಕ್ಕವಾಗಿ ಮಾರ್ಪಡಿಸುವ ಒಂದು ಗಣಿತದ ಉಪಾಯ ಅವರಿಗೆ ಹೊಳೆಯಿತು. 1972ರಲ್ಲಿ ಅದರ ಅಭ್ಯಾಸಕ್ಕೆ ಧನಸಹಾಯ ಕೇಳಿದಾಗ ದೊರೆಯಲಿಲ್ಲ. ಆದರೂ ಬಿಡದೆ ಕೆಲಸ ಮಾಡಿ, ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಂದಿಗೆ 1974ರ ಜನವರಿಯಲ್ಲಿ ಪ್ರಕಟಿಸಿದರು. 1992ರಲ್ಲಿ ಜೆಪೆಗ್ ಲೋಕಕ್ಕೆಲ್ಲ ಒಂದೇ ಅಳತೆಯಾಗಿ ಬಂದಾಗ ಅದರ ನಡುಗಂಬವಾಗಿ ನಿಂತದ್ದು ಈ ಉಪಾಯವೇ. ಜೆಪೆಗ್ಗನ್ನು ನಾವು ಕೀಳಾಗಿ ಕಾಣುವಂತಿಲ್ಲ. ಅದಿಲ್ಲದಿದ್ದರೆ ಊರಿನಲ್ಲಿ ಹುಟ್ಟಿದ ಮೊಮ್ಮಗುವಿನ ಮುಖವನ್ನು ಕಾಶಿಯಲ್ಲಿ ಕುಳಿತ ಅಜ್ಜಿ ಅದೇ ಗಳಿಗೆಯಲ್ಲಿ ನೋಡುವುದು ಸುಲಭವಾಗುತ್ತಿರಲಿಲ್ಲ.

ಅದರ ಕೆಲಸ ಹೀಗೆ. ಚಿತ್ರವನ್ನು ಉದ್ದಕ್ಕೆ 8, ಅಗಲಕ್ಕೆ 8, ಹೀಗೆ 64 ಚುಕ್ಕೆಗಳ ಸಣ್ಣ ಚೌಕಗಳಾಗಿ ಹಂಚುತ್ತದೆ. ಒಂದೊಂದು ಚೌಕವನ್ನೂ ದಪ್ಪ ಅಲೆ ಎಷ್ಟು, ಸಣ್ಣ ಅಲೆ ಎಷ್ಟು ಎಂದು ಲೆಕ್ಕಮಾಡುತ್ತದೆ. ಅಲ್ಲಿಯವರೆಗೆ ಹೆಚ್ಚಿನ ನಷ್ಟವಿಲ್ಲ. ಆಮೇಲೆ ಆ ಅಂಕಿಗಳನ್ನು ದುಂಡಗೆ ಮಾಡುತ್ತದೆ. ನಷ್ಟವಾಗುವುದು ಇಲ್ಲಿ. ನಮ್ಮ ಗಿರಣಿಯ ಲೆಕ್ಕದಲ್ಲಿ 40 ಪೈಸೆಯನ್ನು ಬಿಟ್ಟು ರೂಪಾಯಿಗೆ ಸರಿಮಾಡಿ ಬರೆಯುವುದುಂಟು. ಒಂದು ಬಾರಿ ಹಾಗೆ ಬರೆದು, ಮೂಲ ಚೀಟಿ ಹರಿದು ಹಾಕಿದ ಮೇಲೆ, ಅಲ್ಲಿ 40 ಪೈಸೆ ಇತ್ತೋ 10 ಪೈಸೆ ಇತ್ತೋ ಯಾವ ಆಡಿಟರೂ ಹೇಳಲಾರ. ಸಣ್ಣ ಅಲೆಗಳ ಅಂಕಿ ಹೀಗೆ ಸೊನ್ನೆಯಾಗಿಬಿಡುತ್ತದೆ. ಬಣ್ಣದ ವಿವರವನ್ನಂತೂ ಸಾಮಾನ್ಯವಾಗಿ ಬೆಳಕಿನ ವಿವರಕ್ಕಿಂತ ಇನ್ನೂ ಒರಟಾಗಿ ಇಡುತ್ತಾರೆ, ಮನುಷ್ಯನ ಕಣ್ಣು ಅದನ್ನು ಅಷ್ಟಾಗಿ ಗುರುತಿಸುವುದಿಲ್ಲವೆಂದು. ಆ ಫೈಲನ್ನು ತೆರೆದು ತಿದ್ದಿ ಮತ್ತೆ ಜೆಪೆಗ್ಗಾಗಿಯೇ ಉಳಿಸಿದರೆ ಇನ್ನೊಂದು ಸಲ ದುಂಡಗಾಗುತ್ತದೆ. ಕೆಲವು ಮೊಬೈಲುಗಳಲ್ಲಿ 2017ರಿಂದೀಚೆಗೆ ಬಂದಿರುವ ಹೀಕ್ ಎಂಬ ರೂಪ ಇನ್ನೂ ಕಡಿಮೆ ಜಾಗ ಹಿಡಿಯುತ್ತದೆ. ಆದರೆ ಸಾಮಾನ್ಯವಾಗಿ ಅದೂ ಬಿಟ್ಟು ಬರೆಯುವ ಜಾತಿಯದೇ.

ಎಲ್ಲ ಅಡಕವೂ ಹೀಗಲ್ಲವೆಂಬುದನ್ನೂ ಹೇಳಬೇಕು. ಪಂಚೆಯನ್ನು ಮಡಿಸಿ ಚಿಕ್ಕದು ಮಾಡುವುದು ಬೇರೆ, ಕತ್ತರಿಸಿ ಚಿಕ್ಕದು ಮಾಡುವುದು ಬೇರೆ. ರಾ ಫೈಲನ್ನೂ ಕ್ಯಾಮರಾಗಳು ಮಡಿಸಿ ಇಡಬಲ್ಲವು. ಬಿಚ್ಚಿದರೆ ಪಂಚೆ ಪೂರಾ ಇರುತ್ತದೆ. ಜೆಪೆಗ್ಗು ಕತ್ತರಿಯನ್ನೂ ಬಳಸುತ್ತದೆ.

ಈಗ ಆ ತಾಯಿಯ ಸಾಲಿಗೆ ಬರೋಣ. ನಮ್ಮ ವಹಿಯನ್ನು ತೆರೆದಿಟ್ಟರೆ ಅಗಲ ಸುಮಾರು 40 ಸೆಂಟಿಮೀಟರು. 6,000 ಚುಕ್ಕೆ ಅಗಲದ ಚಿತ್ರ ತೆಗೆದರೆ ಒಂದು ಸೆಂಟಿಮೀಟರಿಗೆ 150 ಚುಕ್ಕೆ ಬಂದವು. 1 ಮಿಲಿಮೀಟರಿನ ಒತ್ತಕ್ಷರಕ್ಕೆ 15 ಚುಕ್ಕೆ, ಓದಬಹುದು. ಅದೇ ಚಿತ್ರ ಸಂದೇಶದಲ್ಲಿ ಕುಗ್ಗಿ 1,600 ಚುಕ್ಕೆ ಅಗಲವಾದರೆ ಸೆಂಟಿಮೀಟರಿಗೆ 40. ಒತ್ತಿಗೆ ದೊರೆಯುವುದು 4 ಚುಕ್ಕೆ. ಅಂದರೆ 8 ಚುಕ್ಕೆಯ ಚೌಕದ ಅರ್ಧದೊಳಗೆ ತಕಾರದ ಒತ್ತು ಸೇರಿಹೋಯಿತು, ಅದರ ಅಲೆ ಸೊನ್ನೆಯಾಯಿತು. ಇಂಗ್ಲಿಷಿನವರಿಗೆ ಈ ಬಾಧೆ ಇಷ್ಟಿಲ್ಲ. ಅವರ ಅಕ್ಷರಗಳೆಲ್ಲ ಒಂದೇ ಸಾಲಿನಲ್ಲಿ ನಡೆಯುತ್ತವೆ. ನಮ್ಮ ಕನ್ನಡದಲ್ಲಿ ಅರ್ಥವೆಲ್ಲ ಎಷ್ಟೋ ಸಲ ಕೆಳಗಿನ ಒತ್ತಿನಲ್ಲಿ, ಪಕ್ಕದ ದೀರ್ಘದಲ್ಲಿ ಇರುತ್ತದೆ.

ಆದುದರಿಂದ ನ್ಯಾಯವಾಗಿ ಹೇಳಬೇಕೆಂದರೆ, ಅಂದು ಕೆಟ್ಟದ್ದು ಜೆಪೆಗ್ಗಿನಿಂದಲ್ಲ, ನಮ್ಮಿಂದ. ಮೊಬೈಲು ತೆಗೆದ ಮೊದಲ ಜೆಪೆಗ್ಗನ್ನು ಕುಗ್ಗಿಸದೆ ಇಟ್ಟಿದ್ದರೂ ಆ ಒತ್ತು ಕಾಣುತ್ತಿತ್ತೋ ಏನೋ. ಕುಗ್ಗಿದ್ದನ್ನು ಮೂಲವೆಂದು ನಂಬಿದ್ದು ಒಂದು ತಪ್ಪು. ಮೂಲವನ್ನು ಅಳಿಸಿದ್ದು ಎರಡನೆಯದು. ಫೋಟೋ ಇದೆಯೆಂದು ವಹಿಯನ್ನು ಸೋರುವ ಅಟ್ಟದಲ್ಲಿ ಬಿಟ್ಟದ್ದು ಮೂರನೆಯದು.

ಹಾಗಾದರೆ ರಾ ಬೇಕಾಗುವುದು ಎಲ್ಲಿ? ಇದನ್ನು ಪರೀಕ್ಷಿಸಲು ಸದಸ್ಯರೊಬ್ಬರ ಮಗನ ಕ್ಯಾಮರಾವನ್ನು ಕಡ ತಂದು, ಉಳಿದ ವಹಿಗಳಲ್ಲಿ ಬಹಳ ಮಾಸಿದ ಒಂದು ಪುಟವನ್ನು ಏಕಕಾಲಕ್ಕೆ ರಾ ಮತ್ತು ಜೆಪೆಗ್ ಎರಡೂ ರೂಪದಲ್ಲಿ ತೆಗೆದೆವು. ಪರದೆಯ ಮೇಲೆ ಖಜಾಂಚಿಗಳು ಹೇಳಿದಂತೆ ಎರಡೂ ಒಂದೇ. ಜೆಪೆಗ್ಗೇ ಒಂದು ಕೈ ಚೆನ್ನಾಗಿತ್ತು ಎನ್ನಬೇಕು, ಕಾಗದ ಬೆಳ್ಳಗೆ ಕಾಣುತ್ತಿತ್ತು. ಆದರೆ ಹಾಗೆ ಬೆಳ್ಳಗೆ ಮಾಡುವ ಭರದಲ್ಲಿ ಕ್ಯಾಮರಾ ಸೀಸದಕಡ್ಡಿಯ ಎಳೆಗಳನ್ನೂ ಕಾಗದದೊಂದಿಗೆ ಬೆಳ್ಳಗೆ ಮಾಡಿತ್ತು. ಮಸಿಯನ್ನು ಎತ್ತಿ ತೋರಿಸಲು ಕಪ್ಪುಬಿಳುಪಿನ ಅಂತರವನ್ನು ಹೆಚ್ಚಿಸಿದಾಗ ಜೆಪೆಗ್ಗಿನಲ್ಲಿ ಅದೇ ಹಳೆಯ ಚೌಕ ಮಚ್ಚೆಗಳು ಅಕ್ಷರದ ಸುತ್ತ ಎದ್ದು ನಿಂತವು. ರಾ ಫೈಲಿನಲ್ಲಿ ನೀಲಿ ಬಣ್ಣದ ಲೆಕ್ಕವನ್ನು ಮಾತ್ರ ಬೇರ್ಪಡಿಸಿ ನೋಡಿದಾಗ, ಬರಿಗಣ್ಣಿಗೆ ಕಾಣದೆ ಇದ್ದ ಎರಡು ಸಾಲುಗಳು ಓದಲು ಬಂದವು. ಬಳ್ಳಾರಿಯ ಕಡೆಯ ಒಂದು ಮನೆಯವರ ಹೆಸರುಗಳು ಅವು. ಖಜಾಂಚಿಗಳ ಪ್ರಶ್ನೆಗೆ ನಮ್ಮ ಉತ್ತರ ಆ ಎರಡು ಸಾಲು.

ಈ ವಿವೇಕ ನಮ್ಮ ನಾಡಿಗೆ ಹೊಸದಲ್ಲ. ಶಾಸನ ಓದುವವರನ್ನು ನೋಡಿ. ಬಿ. ಎಲ್. ರೈಸ್ ಅವರು 1886ರಲ್ಲಿ ಕೊಡಗಿನ ಶಾಸನಗಳಿಂದ ಮೊದಲುಮಾಡಿ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳನ್ನು ಹೊರತಂದರು. ಶಾಸನವನ್ನು ಓದಿ ಅಚ್ಚು ಹಾಕಿಸಿದ ಪಾಠ ಒಂದು. ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಕುಂಚದಿಂದ ತಟ್ಟಿ, ಮಸಿ ಒತ್ತಿ ತೆಗೆದ ಪಡಿಯಚ್ಚು ಇನ್ನೊಂದು. ಜನ ಓದುವುದು ಅಚ್ಚಾದ ಪಾಠವನ್ನು. ಆದರೆ ಸಂಶಯ ಬಂದಾಗ ವಿದ್ವಾಂಸರು ಹೋಗುವುದು ಕಲ್ಲಿನ ಬಳಿಗೆ, ಇಲ್ಲವೇ ಪಡಿಯಚ್ಚಿನ ಬಳಿಗೆ. 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಹಲ್ಮಿಡಿ ಶಾಸನದ ಓದು, ಕಾಲ, ಅರ್ಥಗಳ ಬಗ್ಗೆ ಆಮೇಲೆ ಎಷ್ಟು ಚರ್ಚೆ ನಡೆಯಿತೆಂಬುದನ್ನು ತಾವು ಬಲ್ಲಿರಿ. ಮೊದಲು ಓದಿದವರ ಪಾಠವೊಂದೇ ಉಳಿದು ಕಲ್ಲೂ ಪಡಿಯಚ್ಚೂ ಇಲ್ಲದೆ ಹೋಗಿದ್ದರೆ ಆ ಚರ್ಚೆಗೆ ಆಧಾರವೇ ಇರುತ್ತಿರಲಿಲ್ಲ. ಜೆಪೆಗ್ಗು ಕ್ಯಾಮರಾ ಓದಿಕೊಟ್ಟ ಪಾಠ. ರಾ ಪಡಿಯಚ್ಚು. ಮುಂದೆ ನಮಗಿಂತ ಜಾಣರು ಬಂದು, ನಮಗಿಂತ ಒಳ್ಳೆಯ ಯಂತ್ರ ಇಟ್ಟುಕೊಂಡು, ಅದನ್ನು ಮತ್ತೆ ಓದಬಹುದು.

ಇಷ್ಟು ಕೇಳಿ, ಇನ್ನು ಮೇಲೆ ಎಲ್ಲವನ್ನೂ ರಾ ರೂಪದಲ್ಲಿಯೇ ತೆಗೆಯುತ್ತೇವೆಂದು ಯಾರಾದರೂ ಹೊರಟರೆ ಅದೂ ತಪ್ಪು. ರಾ ಫೈಲಿಗೆ ಮಾಯೆಯೇನೂ ಇಲ್ಲ. ಕೈ ನಡುಗಿ ಮಸುಕಾದ ಚಿತ್ರವನ್ನು ಅದು ಸರಿಮಾಡದು. ಬೆಳಕು ಅತಿಯಾಗಿ ಸೆನ್ಸರಿನ ಅಳತೆ ತುಂಬಿಹೋದ ಕಡೆ ಇದ್ದದ್ದು ರಾ ಫೈಲಿನಲ್ಲಿಯೂ ಇರದು. ಕೊಳಗ ತುಂಬಿ ಚೆಲ್ಲಿದ ಭತ್ತವನ್ನು ಕೊಳಗದಲ್ಲಿ ಹುಡುಕಿದ ಹಾಗಾಗುತ್ತದೆ. ತೆಗೆದ ಮೇಲೆ ಒಂದೊಂದನ್ನೂ ಕಂಪ್ಯೂಟರಿನಲ್ಲಿ ಹದಮಾಡಬೇಕು. ಅದಕ್ಕೆ ಹೊತ್ತು ಬೇಕು, ತಾಳ್ಮೆ ಬೇಕು. ಮತ್ತೊಂದು ತೊಡಕೆಂದರೆ ಒಂದೊಂದು ಕಂಪನಿಯ ಭತ್ತ ಒಂದೊಂದು ತಳಿ. ನಿಕಾನ್‌ನವರದು ಎನ್.ಇ.ಎಫ್., ಕ್ಯಾನನ್‌ನವರದು ಸಿ.ಆರ್.2, ಆಮೇಲೆ ಸಿ.ಆರ್.3, ಸೋನಿಯವರದು ಎ.ಆರ್.ಡಬ್ಲ್ಯೂ. ಐವತ್ತು ವರ್ಷದ ಮೇಲೆ ಇವುಗಳನ್ನು ತೆರೆಯುವ ಸಾಧನ ಇರುವುದೆಂದು ಯಾರು ಮಾತು ಕೊಟ್ಟಾರು? ಈ ಭಯಕ್ಕಾಗಿಯೇ ಅಡೋಬಿ ಕಂಪನಿಯವರು 2004ರಲ್ಲಿ ಡಿ.ಎನ್.ಜಿ. ಎಂಬ ರೂಪವನ್ನು ಎಲ್ಲರಿಗೂ ತಿಳಿಯುವಂತೆ ಬಿಚ್ಚಿ ಪ್ರಕಟಿಸಿದರು. ಗ್ರಂಥಾಲಯಗಳು ಹದಮಾಡಿದ ಪ್ರತಿಯನ್ನು ಟಿಫ್ ಎಂಬ ನಷ್ಟವಿಲ್ಲದ ರೂಪದಲ್ಲಿ ಇಡುವ ರೂಢಿಯೂ ಉಂಟು.

ಹಾಗೆಯೇ ಹಸಿದು ಬಂದವನ ಮುಂದೆ ಭತ್ತದ ಮೂಟೆ ಇಟ್ಟರೆ ಅವನು ಏನು ಮಾಡಬೇಕು? ರಾಜ್ಯೋತ್ಸವದ ಫೋಟೋ, ಮಕ್ಕಳ ನಾಟಕದ ಫೋಟೋ, ಊರಿಂದ ಬಂದ ನೆಂಟರನ್ನು ದೋಣಿಯಲ್ಲಿ ಕೂರಿಸಿ ತೆಗೆದ ಫೋಟೋ ಇವಕ್ಕೆಲ್ಲ ಒಳ್ಳೆಯ ಜೆಪೆಗ್ಗು ಧಾರಾಳವಾಗಿ ಸಾಕು. ಬೇರೆ ಗ್ರಂಥಾಲಯಗಳಲ್ಲಿಯೂ ಸಿಕ್ಕುವ ಅಚ್ಚಿನ ಪುಸ್ತಕಕ್ಕೂ ಅದೇ ಸಾಕು. ನಮ್ಮ ಘಾಟುಗಳು ಪೂರ್ವಕ್ಕೆ ಮುಖಮಾಡಿವೆ. ಬೆಳಗಿನ ಬಿಸಿಲು ನೇರವಾಗಿ ಮೆಟ್ಟಿಲ ಮೇಲೆ ಬೀಳುತ್ತದೆ, ಮಂಟಪದ ಒಳಗೆ ಕತ್ತಲೆ. ಅಂಥ ಕಡೆ, ದಶಾಶ್ವಮೇಧದ ಸಂಜೆಯ ಆರತಿಯಲ್ಲಿ, ಚಿತ್ರವನ್ನು ಕಲೆಯಾಗಿ ತೆಗೆಯುವವರಿಗೆ ರಾ ಬಹಳ ಅನುಕೂಲ. ಆದರೆ ನಾಳೆಯೂ ಸೂರ್ಯ ಹುಟ್ಟುತ್ತಾನೆ, ನಾಳೆಯೂ ಆರತಿ ಉಂಟು. ಇಂದು ಕೆಟ್ಟರೆ ನಾಳೆ ತೆಗೆಯಬಹುದು.

ನಮ್ಮ ಅಲ್ಪಬುದ್ಧಿಗೆ ತೋಚಿದ ಸೂತ್ರ ಇದೊಂದೇ. ಫೋಟೋ ತೆಗೆಯುವ ಮೊದಲು, ಈ ವಸ್ತು ನಾಳೆಯೂ ನಮ್ಮ ಕಣ್ಣಿಗೆ ಸಿಗುವುದೋ ಎಂದು ಕೇಳಿಕೊಳ್ಳಬೇಕು. ಸಿಗುವುದಾದರೆ ಜೆಪೆಗ್ ಸಾಕು. ಸಿಗುವುದು ಸಂಶಯವಾದರೆ ರಾ ಇರಲೇಬೇಕು, ಅದರ ಜೊತೆಗೆ ಜೆಪೆಗ್ಗೂ ಇರಬೇಕು. ಬೀಜಕ್ಕೆ ಭತ್ತ, ಊಟಕ್ಕೆ ಅಕ್ಕಿ. ಒಕ್ಕಲಿಗನ ಮನೆಯಲ್ಲಿ ಎಂಥ ಬರಗಾಲದಲ್ಲಿಯೂ ಬಿತ್ತನೆಯ ಭತ್ತವನ್ನು ಕುಟ್ಟಿ ಉಣ್ಣುವುದಿಲ್ಲ. ಕ್ಯಾಮರಾಗಳಲ್ಲಿ ಒಂದೇ ಸಲಕ್ಕೆ ಎರಡನ್ನೂ ಉಳಿಸುವ ಅನುಕೂಲ ಸಾಮಾನ್ಯವಾಗಿ ಇದ್ದೇ ಇದೆ.

ಖಜಾಂಚಿಗಳ ಆಕ್ಷೇಪಣೆ ಉಳಿಯಿತು. ಅದನ್ನು ಲೆಕ್ಕದಿಂದಲೇ ಪರಿಹರಿಸುತ್ತೇವೆ. 6,000ಕ್ಕೆ 4,000 ಚುಕ್ಕೆಯ ಚಿತ್ರವೆಂದರೆ 2 ಕೋಟಿ 40 ಲಕ್ಷ ಚುಕ್ಕೆ. ಒಂದಕ್ಕೆ 14 ಬಿಟ್ಟಿನಂತೆ 42 ಎಂ.ಬಿ.; ನಷ್ಟವಿಲ್ಲದೆ ಮಡಿಸಿದರೆ ಸುಮಾರು 30 ಎಂದು ಹಿಡಿಯೋಣ. ಜೆಪೆಗ್ಗಿಗೆ 10. ಏಳು ವಹಿಗಳು, ಒಂದಕ್ಕೆ 200 ಜೋಡಿಪುಟದಂತೆ 1,400 ಚಿತ್ರಗಳು. ರಾ 42 ಜಿ.ಬಿ., ಜೆಪೆಗ್ 14 ಜಿ.ಬಿ., ಒಟ್ಟು 56. ಇಂದು ಅಂಗಡಿಯಲ್ಲಿ ಸಿಗುವ ಒಂದು ಟಿ.ಬಿ.ಯ ಡಿಸ್ಕಿನಲ್ಲಿ ಇದು ಹದಿನೇಳನೆಯ ಒಂದು ಪಾಲನ್ನೂ ತುಂಬದು. ಜೆಪೆಗ್ ಮಾತ್ರ ಇಟ್ಟರೂ ಡಿಸ್ಕು ಕೊಳ್ಳುವುದು ತಪ್ಪದು. ರಾ ಇಟ್ಟರೆ ಇನ್ನೊಂದು ಕೊಳ್ಳಬೇಕಾಗಿಲ್ಲ. ಜಿಪುಣತನ ಮಾಡಲು ಇಲ್ಲಿ ಎಡೆಯೇ ಇಲ್ಲ.

ಕೆಲಸದ ಕ್ರಮವನ್ನು ಚಿಕ್ಕದಾಗಿ ಹೇಳುತ್ತೇವೆ. ಕ್ಯಾಮರಾವನ್ನು ಸ್ಟ್ಯಾಂಡಿಗೆ ಬಿಗಿದು, ಎರಡು ಕಡೆಯಿಂದ ಸಮನಾದ ಬೆಳಕು ಬೀಳಿಸಿ, ಪುಟದ ಪಕ್ಕದಲ್ಲಿ ಒಂದು ಅಳತೆಪಟ್ಟಿ, ಒಂದು ಬೂದುಬಣ್ಣದ ಚೀಟಿ ಇಟ್ಟು ತೆಗೆಯಬೇಕು. ಆಗ ಮುಂದೆ ಅಳತೆಯೂ ಬಣ್ಣವೂ ತಪ್ಪುವುದಿಲ್ಲ. ಫೈಲಿನ ಹೆಸರಿನಲ್ಲಿ ವಹಿಯ ಸಂಖ್ಯೆ, ಪುಟದ ಸಂಖ್ಯೆ ಇರಬೇಕು. ಮೂಲ ಫೈಲನ್ನು ಯಾರೂ ತಿದ್ದಕೂಡದು. ತಿದ್ದುವುದಾದರೆ ನಕಲು ಮಾಡಿಕೊಂಡು ತಿದ್ದತಕ್ಕದ್ದು. ಮೊಬೈಲಿನ ಸಂದೇಶದಲ್ಲಿ ಚಿತ್ರವಾಗಿ ಕಳುಹಿಸಿದ್ದು ದಾಖಲೆಯಲ್ಲ. ಕಳುಹಿಸಲೇಬೇಕಾದರೆ ಕುಗ್ಗದಂತೆ ಫೈಲಾಗಿ ಕಳುಹಿಸಬೇಕು. ಪ್ರತಿಗಳು ಮೂರು ಕಡೆ ಇರಲಿ, ಅವುಗಳಲ್ಲಿ ಒಂದಾದರೂ ಕರ್ನಾಟಕದಲ್ಲಿ ಇರಲಿ. ಇಲ್ಲಿ ಗಂಗಾಮಾತೆಯ ಅಪಾಯದ ಗುರುತು 71.26 ಮೀಟರು. 1978ರಲ್ಲಿ ಆಕೆ 73.90 ಮೀಟರಿನವರೆಗೆ ಏರಿದ್ದಳು. ನಮ್ಮ ವಹಿಗಳೂ ಡಿಸ್ಕುಗಳೂ ಒಂದೇ ಬೀರುವಿನಲ್ಲಿದ್ದರೆ ಎರಡೂ ಒಂದೇ ದಿನ ಹೋದಾವು. ಎಲ್ಲಕ್ಕೂ ಮಿಗಿಲಾಗಿ, ಫೋಟೋ ತೆಗೆದಾಯಿತೆಂದು ವಹಿಯನ್ನು ಅಲಕ್ಷ್ಯಮಾಡಕೂಡದು. ರಾ ಫೈಲೂ ಪಡಿಯಚ್ಚೇ, ಕಲ್ಲಲ್ಲ.

ಈ ಊರಿನಲ್ಲಿ ಹಳೆಯ ಕಾಗದಕ್ಕೆ ಬೆಲೆ ಕಟ್ಟುವವರು ಬಹಳ ಮಂದಿ. ಸಂಪೂರ್ಣಾನಂದ ಸಂಸ್ಕೃತ ವಿಶ್ವವಿದ್ಯಾನಿಲಯದ ಸರಸ್ವತೀ ಭವನದಲ್ಲಿ ಹಸ್ತಪ್ರತಿಗಳ ದೊಡ್ಡ ಭಂಡಾರವಿದೆ. ನಮ್ಮ ಜಂಗಮವಾಡಿ ಮಠದಲ್ಲಿ ಮೊಗಲ್ ಬಾದಷಹರ ಕಾಲದ ಫರ್ಮಾನುಗಳು ಉಳಿದು ಬಂದಿವೆ. ಅವುಗಳ ಮುಂದೆ ನಮ್ಮ ಏಳು ವಹಿಗಳು ಏನೂ ಅಲ್ಲ. ಅವುಗಳಲ್ಲಿ ರಾಜರ ಹೆಸರಿಲ್ಲ, ಶ್ಲೋಕವಿಲ್ಲ. ಹಾವೇರಿ, ಬಳ್ಳಾರಿ, ಶಿವಮೊಗ್ಗ, ಕಾಸರಗೋಡುಗಳಿಂದ ಬುತ್ತಿ ಕಟ್ಟಿಕೊಂಡು ಬಂದ ಸಾಮಾನ್ಯರ ಹೆಸರುಗಳಿವೆ. ಇವುಗಳನ್ನು ಕಾಯಲು ಬೇರೆ ಯಾರೂ ಬರುವುದಿಲ್ಲ; ನಾವೇ ಕಾಯಬೇಕು.

ಬರುವ ಭಾನುವಾರದಿಂದ ಕೆಲಸ ಪ್ರಾರಂಭವಾಗುವುದು. ಪುಟ ತಿರುಗಿಸಲು ಒಬ್ಬರು, ಕ್ಯಾಮರಾಕ್ಕೆ ಒಬ್ಬರು, ಬರೆದುಕೊಳ್ಳಲು ಒಬ್ಬರು, ಹೀಗೆ ಒಂದು ಸರದಿಗೆ ಮೂವರು ಬೇಕು. ಹೆಣ್ಣುಮಕ್ಕಳೂ ವಿದ್ಯಾರ್ಥಿಗಳೂ ಧಾರಾಳವಾಗಿ ಬರಬಹುದು. ಕೈ ಒಣಗಿದ್ದು ಶುದ್ಧವಾಗಿದ್ದರೆ ಸಾಕು. ಎರಡು ಡಿಸ್ಕುಗಳ ಖರ್ಚಿಗೆ ಯಥಾಶಕ್ತಿ ಸಹಾಯ ಮಾಡಬೇಕೆಂದು ಖಜಾಂಚಿಗಳ ಪರವಾಗಿ ನಾವೇ ಬೇಡುತ್ತೇವೆ. ಮೊದಲ ಕಾಣಿಕೆಯನ್ನು ಅವರೇ ಬರೆಸಿದ್ದಾರೆಂದು ಹೇಳಲು ಸಂತೋಷವಾಗುತ್ತದೆ.

ಆ ತಾಯಿಯ ಮಾವನವರ ತಿಥಿ ಇನ್ನು ದೊರೆಯದು. ಪಂಚಮಿಯೋ ಸಪ್ತಮಿಯೋ, ಅವರ ಮನೆಯಲ್ಲಿ ಅಮಾವಾಸ್ಯೆಗೇ ಎಲೆ ಹಾಕುತ್ತಾರೆ. ಉಳಿದ ಏಳು ವಹಿಗಳಲ್ಲಿ ಯಾರ ಮನೆಯ ಯಾವ ಒತ್ತಕ್ಷರ ಕಾದಿದೆಯೋ ನಾವು ಅರಿಯೆವು. ಅವರು ಹುಡುಕಿಕೊಂಡು ಬಂದ ದಿನ ನಮ್ಮ ಬಳಿ ಅದು ಓದುವಂತೆ ಇರಲಿ ಎಂದು ಬೇಡಿಕೊಳ್ಳುತ್ತೇವೆ.